14ನೇ ವಾರದ ಕಂತು ಸಿಗಲಿಲ್ಲ: ಚಿಕ್ಕಂದಿನಿಂದ ನೀವು ಹೇಗೆ ಓದಿದಿರಿ?

ಹನುಮಂತನಗರದವನು:

ಹೋದ ಭಾನುವಾರ ಅಮ್ಮನ ಮನೆಯ ಅಟ್ಟ ಖಾಲಿ ಮಾಡುತ್ತಿದ್ದೆ. ಮಳೆ ಬಂದರೆ ಒಂದು ಮೂಲೆ ಸೋರುತ್ತದೆ. ಇನ್ನೂ ತಡ ಮಾಡಿದರೆ ಎಲ್ಲ ಗೊಬ್ಬರವೇ. ಸೀಮೆಎಣ್ಣೆ ಸ್ಟೌ, ರೆಕ್ಕೆ ಇಲ್ಲದ ಟೇಬಲ್ ಫ್ಯಾನು, ನನ್ನ ಎಸ್ಸೆಸ್ಸೆಲ್ಸಿ ಗೈಡುಗಳು. ಇವೆಲ್ಲದರ ಕೆಳಗೆ ಒಂದು ಗೋಣಿಚೀಲದಲ್ಲಿ ಏಳು ಬೈಂಡು ಸಿಕ್ಕವು.

ನಲವತ್ತು ದಾಟಿದವರಿಗೆ ಬೈಂಡು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಯ ಹಾಳೆಗಳನ್ನು ವಾರ ವಾರ ಪಿನ್ನು ಬಿಚ್ಚಿ ತೆಗೆದಿಡುತ್ತಿದ್ದರು. ಕಾದಂಬರಿ ಮುಗಿದ ಮೇಲೆ ಎಲ್ಲ ಒಟ್ಟಿಗೆ ಹೊಲಿಸಿ ರಟ್ಟು ಹಾಕಿಸುತ್ತಿದ್ದರು. ಪತ್ರಿಕೆಯ ಮಿಕ್ಕ ಭಾಗ ರದ್ದಿಗೆ. ನಮ್ಮ ಮನೆಗೆ ಸುಧಾ ಬರುತ್ತಿತ್ತು. 1983ರಲ್ಲಿ ತರಂಗ ಶುರುವಾದಾಗ ಅಮ್ಮನಿಗೆ ಅದೂ ಬೇಕು. ಎರಡಕ್ಕೂ ದುಡ್ಡು ಎಲ್ಲಿಂದ ತರೋದು ಅಂತ ಅಪ್ಪ ಗೊಣಗಿದ್ದು ನೆನಪಿದೆ. ಆಮೇಲೆ ಪಕ್ಕದ ಮನೆಯವರು ಒಂದು, ನಾವು ಒಂದು ತರಿಸಿ, ಅದಲು ಬದಲು ಮಾಡಿಕೊಳ್ಳುವುದು ಅಂತ ಒಪ್ಪಂದವಾಯಿತು. ಹಾಳೆ ಯಾರು ಕೀಳಬೇಕು ಅನ್ನುವುದಕ್ಕೆ ಎಷ್ಟು ಮುನಿಸು ನಡೆದಿತ್ತೋ ದೇವರಿಗೇ ಗೊತ್ತು.

ವಿಷಯ ಅದಲ್ಲ. ಒಂದು ಬೈಂಡಿನಲ್ಲಿ 13 ಆದ ಮೇಲೆ 14ನೇ ಕಂತು ಇಲ್ಲ. ಅದರ ಜಾಗದಲ್ಲಿ ನನ್ನ ನಾಲ್ಕನೇ ಕ್ಲಾಸಿನ ಕಾಪಿ ಪುಸ್ತಕದಿಂದ ಹರಿದ ಎರಡು ಹಾಳೆ ಇದೆ. ನೀಲಿ ಇಂಕು, ಅಮ್ಮನ ಅಕ್ಷರ. ಮೇಲೆ ಹೀಗೆ ಬರೆದಿದ್ದಾಳೆ: 'ಈ ವಾರದ್ದು ಸಿಗಲಿಲ್ಲ. ನಡೆದದ್ದು ಇಷ್ಟು.' ಕೆಳಗೆ ಪೂರ್ತಿ ಒಂದೂವರೆ ಪುಟ ಕಥೆ!

ಬೈಂಡಿನವನು ಅಂಚು ಕತ್ತರಿಸುವಾಗ ಪ್ರತಿ ಕಂತಿನ ಶೀರ್ಷಿಕೆಯೂ ಹೋಗಿದೆ. ಹಾಗಾಗಿ ಕಾದಂಬರಿಯ ಹೆಸರೂ ಇಲ್ಲ, ಬರೆದವರ ಹೆಸರೂ ಇಲ್ಲ. ಅವತ್ತಿಡೀ ಅಟ್ಟದ ಏಣಿ ಮೇಲೇ ಕೂತು ಓದಿದೆ. ಎಷ್ಟೋ ವರ್ಷ ಆಗಿತ್ತು ಹಾಗೆ ಓದಿ.

ಅದಕ್ಕೇ ಕೇಳೋಣ ಅನ್ನಿಸಿತು. ನೀವು ಏನೇನು ಓದಿದಿರಿ ಅನ್ನುವುದಕ್ಕಿಂತ ಹೇಗೆ ಓದಿದಿರಿ ಹೇಳಿ. ಕೂತಾ, ಮಲಗಿಯಾ, ಕದ್ದಾ, ಕಾಡಿ ಬೇಡಿಯಾ?

ಚುಕ್ಕಿ:

ಬಾಡಿಗೆಗೆ! ನಾವಿದ್ದದ್ದು ರಾಜಾಜಿನಗರ. ಹಿಟ್ಟಿನ ಗಿರಣಿ ಪಕ್ಕ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಒಂದು ಅಂಗಡಿ ಮಳಿಗೆಯಷ್ಟೇ ಜಾಗ. ಡಿಪಾಸಿಟ್ 20 ರೂಪಾಯಿ, ಪುಸ್ತಕಕ್ಕೆ ದಿನಕ್ಕೆ 50 ಪೈಸೆ. ಗೋಧಿ ಬೀಸಿಸಲು ಹೋದಾಗ ಅಮ್ಮ ನನ್ನನ್ನು ಕ್ಯೂನಲ್ಲಿ ನಿಲ್ಲಿಸಿ ಪುಸ್ತಕ ತರುತ್ತಿದ್ದಳು. ನಮ್ಮ ಮನೆಗೆ ಬಂದ ತ್ರಿವೇಣಿಯವರ ಪುಸ್ತಕಗಳ ಮೇಲೆಲ್ಲ ಸ್ವಲ್ಪ ಹಿಟ್ಟಿನ ಪುಡಿ ಇರುತ್ತಿತ್ತು.

ಇದೊಂದು ಗುಟ್ಟು ನಿಮಗೆ ಗೊತ್ತಾ? ಓದಿದ ಪುಸ್ತಕವನ್ನೇ ಮತ್ತೆ ತಂದು ದುಡ್ಡು ಕಳೆಯಬಾರದು ಅಂತ ಎಲ್ಲರೂ ಒಂದೊಂದು ಗುರುತು ಹಾಕುತ್ತಿದ್ದರು. ಅಮ್ಮನದು 51ನೇ ಪುಟ, ಅಂಕಿಯ ಪಕ್ಕ ಒಂದು ಚುಕ್ಕಿ. ಅಂಗಡಿಯಲ್ಲಿ ಪುಸ್ತಕ ತೆಗೆದ ಕೂಡಲೇ 51 ತಿರುವೋದು. ಯಾರದೋ ಒಂದು ಗುಣಾಕಾರ, ಯಾರದೋ ಇನಿಷಿಯಲ್, ಯಾರದೋ ಹೂವು, ಎಲ್ಲ ಬೇರೆ ಬೇರೆ ಪುಟಗಳಲ್ಲಿ. ಓನರ್ ಬೈಯುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ನಾನು ಪಿಯುಸಿಯಲ್ಲಿ ತ್ರಿವೇಣಿಯವರ ಶರಪಂಜರ ತಂದಾಗ 51ರಲ್ಲಿ ಎರಡು ಚುಕ್ಕಿ ಇತ್ತು. ಅಮ್ಮ ಅದನ್ನು ಎರಡು ಸಲ ಬಾಡಿಗೆ ಕೊಟ್ಟು ತಂದು ಓದಿದ್ದಳು. ಬಾಣಂತನದಲ್ಲಿ ಮನಸ್ಸು ಕೆಟ್ಟ ಹೆಂಗಸಿನ ಕಥೆ ಅದು. ಯಾಕೆ ಎರಡು ಸಲ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ, ಇನ್ನೂ 35 ತುಂಬಿರಲಿಲ್ಲ ಅಂತ ಗೊತ್ತಾದಾಗ ನನಗೂ 34. ಆವತ್ತು ಆಫೀಸಿನಲ್ಲಿ ಕೆಲಸ ಸಾಗಲಿಲ್ಲ.

ಯಲಹಂಕ ಲೋಕಲ್:

ನಮ್ಮ ಮನೆ ಮಾತು ತೆಲುಗು. ಇಲ್ಲಿ ಅರ್ಧ ಜನರದು ಹಾಗೇ ಅಲ್ವಾ, ಮನೆಯಲ್ಲಿ ಒಂದು, ಬೀದಿಯಲ್ಲಿ ಕನ್ನಡ. ತಾತನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ನನಗೆ ತೆಲುಗು ಅಕ್ಷರ ಬರುತ್ತಿರಲಿಲ್ಲ. ಇಬ್ಬರಿಗೂ ಚಂದಮಾಮ ಬೇಕು. ಹಾಗಾಗಿ ಎರಡು ಚಂದಮಾಮ ಬರುತ್ತಿತ್ತು. ಅದು ಮೊದಲು ಶುರುವಾದದ್ದು 1947ರಲ್ಲಿ, ತೆಲುಗು ಮತ್ತು ತಮಿಳಿನಲ್ಲಿ, ಮದ್ರಾಸಿನಿಂದ. ಕನ್ನಡಕ್ಕೆ ಬಂದದ್ದು 1949ರಲ್ಲಿ. ತಾತ ಇದನ್ನೇ ಹಿಡಿದು 'ನಂದು ನಿಂದಕ್ಕಿಂತ ಎರಡು ವರ್ಷ ದೊಡ್ಡದು' ಅಂತ ರೇಗಿಸುತ್ತಿದ್ದರು.

ಜಗಲಿ ಮೇಲೆ ಅಕ್ಕಪಕ್ಕ ಕೂರುತ್ತಿದ್ದೆವು. ಚಿತ್ರಗಳು ಎರಡರಲ್ಲೂ ಒಂದೇ. ಹೆಣವನ್ನು ಹೆಗಲಿಗೆ ಹಾಕಿಕೊಂಡು, ಕತ್ತಿ ಹಿಡಿದು ನಡೆಯುವ ವಿಕ್ರಮ. ಅದನ್ನು ಬರೆದ ಶಂಕರ್ 2020ರಲ್ಲಿ ತೀರಿಕೊಂಡರು. ತಾತ ಬೇಗ ಓದಿ ಮುಗಿಸಿ, ಬೇತಾಳನ ಪ್ರಶ್ನೆ ಬಂದ ಕಡೆ ಬೆರಳಿಟ್ಟು ನನಗಾಗಿ ಕಾಯುತ್ತಿದ್ದರು. ನಾನು ಅಲ್ಲಿಗೆ ಬಂದ ಕೂಡಲೇ 'ಚೆಪ್ಪು' ಅನ್ನೋರು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು! ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ತೆಲುಗಿನಲ್ಲಿ ವಾದ ಮಾಡುತ್ತಿದ್ದರು. ಆಮೇಲೆ ಇಬ್ಬರೂ ಪುಟ ತಿರುವಿ ರಾಜ ಏನಂದ ಅಂತ ನೋಡುತ್ತಿದ್ದೆವು. ಬೇತಾಳ ಹಾರಿ ಹೋಗಿ ಮತ್ತೆ ಮರಕ್ಕೆ ನೇತಾಡುತ್ತಿತ್ತು. ಮುಂದಿನ ತಿಂಗಳವರೆಗೆ ರಜ.

ರಾತ್ರಿಪಾಳಿ:

ಎನ್. ನರಸಿಂಹಯ್ಯ. ಪತ್ತೇದಾರ ಪುರುಷೋತ್ತಮ. ಐನೂರಕ್ಕೂ ಹೆಚ್ಚು ಪುಸ್ತಕ ಬರೆದ ಮನುಷ್ಯ. ನಾನು ಭೂಗೋಳ ಪುಸ್ತಕದ ಒಳಗೆ ಇಟ್ಟುಕೊಂಡು ಓದುತ್ತಿದ್ದೆ. ಸಿಕ್ಕಿಬಿದ್ದೆ. ಅಪ್ಪ ಹೊಡೆಯಲಿಲ್ಲ, ಕಿತ್ತುಕೊಂಡು ಹೋದರು. ಮಾರನೇ ದಿನ ನೋಡಿದರೆ ಅವರ ಆಫೀಸ್ ಬ್ಯಾಗಿನಲ್ಲಿ ಅದೇ ಪುಸ್ತಕ, ಬಿಎಂಟಿಸಿ ಟಿಕೆಟ್ಟು ಗುರುತಿಗೆ ಇಟ್ಟಿದ್ದರು. ಆಗಿನ್ನೂ ಬಿಟಿಎಸ್ ಅನ್ನಬೇಕು, ಕ್ಷಮಿಸಿ.

ಕಡಲೆಕಾಯಿ ಪೊಟ್ಟಣ:

ಇಲ್ಲಿ ಎಲ್ಲರ ಮನೆಗೂ ಎರಡೆರಡು ಪತ್ರಿಕೆ ಬರುತ್ತಿತ್ತು ಅನ್ನೋದು ನೋಡಿ ಸ್ವಲ್ಪ ನಗು ಬಂತು. ಬೇಜಾರು ಮಾಡ್ಕೋಬೇಡಿ. ನಮ್ಮೂರು ಪಾವಗಡದ ಕಡೆ. ಮನೆಯಲ್ಲಿದ್ದ ಅಚ್ಚಿನ ವಸ್ತು ಅಂದರೆ ಗೋಡೆಯ ಕ್ಯಾಲೆಂಡರ್ ಮತ್ತು ರೇಷನ್ ಕಾರ್ಡು. ನಾನು ಓದಿದ್ದು ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣ. ಕಡಲೆ ಮುಗಿಸಿ, ಪೊಟ್ಟಣ ಬಿಚ್ಚಿ, ಉಪ್ಪು ಒದರಿ ಓದೋದು. ಸುದ್ದಿಯ ಮೊದಲೂ ಇಲ್ಲ, ಕೊನೆಯೂ ಇಲ್ಲ. ಒಂದು ಪೊಟ್ಟಣದಲ್ಲಿ ಕೊಲೆ ನಡೆದರೆ ಇನ್ನೊಂದರಲ್ಲಿ ಟೆಂಡರ್ ನೋಟೀಸು. ಶಾಲೆಯಲ್ಲಿ ಗಾಜಿನ ಬೀರು ತುಂಬ ಪುಸ್ತಕ ಇತ್ತು. ಬೀಗದ ಕೈ ಹೆಡ್ ಮಾಸ್ಟರ್ ಹತ್ತಿರ. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಅದರ ಧೂಳು ಒರೆಸುತ್ತಿದ್ದರು, ಒರೆಸುವ ಕೆಲಸ ನಮ್ಮದು.

ಪಿಯುಸಿಗೆ ಬೆಂಗಳೂರಿಗೆ ಬಂದು ಹಾಸ್ಟೆಲ್ ಸೇರಿದೆ. ಭಾನುವಾರ ಏನು ಮಾಡೋದು ಗೊತ್ತಾಗದೆ ಕಬ್ಬನ್ ಪಾರ್ಕಿಗೆ ಹೋದವನು, ಆ ಕೆಂಪು ಕಟ್ಟಡದ ಒಳಗೆ ಹೋದರೆ ಬೈತಾರೇನೋ ಅಂತ ಹೊರಗೆ ಅರ್ಧ ಗಂಟೆ ನಿಂತಿದ್ದೆ. ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, 1915ರಿಂದ ಅಲ್ಲೇ ಇದೆ, ಒಳಗೆ ಲೈಬ್ರರಿ. ಕೊನೆಗೂ ಒಳಗೆ ಹೋದೆ. ಯಾರೂ ಬೈಯಲಿಲ್ಲ. ಒಬ್ಬರು ತಲೆ ಎತ್ತಿ ನೋಡಿ, ಚಪ್ಪಲಿ ಸದ್ದು ಮಾಡಬೇಡಪ್ಪ ಅಂದರು, ಅಷ್ಟೆ.

ಅಲ್ಲಿ ಕೈಗೆ ಸಿಕ್ಕಿದ್ದು ದೇವನೂರ ಮಹಾದೇವ ಅವರ ಒಡಲಾಳ. ತೆಳ್ಳಗಿತ್ತು, ಅದಕ್ಕೇ ತಗೊಂಡೆ. ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಒಲೆ ಸುತ್ತ ಕೂತು ಕಡಲೆಕಾಯಿ ತಿನ್ನುತ್ತಾರೆ. ಆ ಭಾಗ ಓದುವಾಗ ನನ್ನ ಹಲ್ಲಿಗೆ ಸುಟ್ಟ ಕಡಲೆಕಾಯಿ ಸಿಕ್ಕಿದಂಗಾಯ್ತು. ನಮ್ಮವ್ವ ಮಾತಾಡುವ ಥರದ ಮಾತು ಅಚ್ಚಾಗಬಹುದು ಅಂತ ಅಲ್ಲಿವರೆಗೆ ಅಂದುಕೊಂಡಿರಲಿಲ್ಲ. ಪುಸ್ತಕ ಅಂದರೆ ಬೇರೆಯವರು ಮಾತಾಡೋದು ಅಂತಿತ್ತು.

ಇನ್ನೊಂದು ಮಾತು. ಈಗ ನೀವೆಲ್ಲ ಮನೆ ಕಂದಾಯ ಕಟ್ಟುತ್ತೀರಲ್ಲ, ಅದರಲ್ಲಿ ಗ್ರಂಥಾಲಯ ಕರ ಅಂತ ಶೇಕಡ 6 ಸೇರಿರುತ್ತದೆ. 1965ರ ಕಾಯ್ದೆಯಿಂದ ಬಂದದ್ದು. ದುಡ್ಡು ಕೊಟ್ಟಿದ್ದೀರಿ, ನಿಮ್ಮ ಏರಿಯಾದ ಲೈಬ್ರರಿಗೆ ಒಂದು ಸಲ ಹೋಗಿ ಬನ್ನಿ. ಕುರ್ಚಿ ಸಿಗೋದು ಕಷ್ಟ, ಕೆಎಎಸ್‌ಗೆ ಓದುವ ಹುಡುಗರು ಬೆಳಗ್ಗೆಯೇ ಬ್ಯಾಗ್ ಇಟ್ಟಿರುತ್ತಾರೆ. ನಾನೂ ಹಾಗೆ ಇಟ್ಟವನೇ.

ಹನುಮಂತನಗರದವನು:

ಕಡಲೆಕಾಯಿ ಅವರೇ, ಬೇಜಾರು ಯಾಕೆ. ಬಸವನಗುಡಿ ಪರಿಷೆಗೆ ಕಡಲೆಕಾಯಿ ತಿನ್ನಲು ಹೋಗುವ ನಾವು ಪೊಟ್ಟಣ ಅಲ್ಲೇ ಬಿಸಾಕಿ ಬರುತ್ತಿದ್ದೆವು. ಈ ಸಲ ಬಿಚ್ಚಿ ನೋಡುತ್ತೇನೆ.

ನೇರಳೆ ಮಾರ್ಗ:

ನಾನು ದೊಡ್ಡವಳಾದ ಮೇಲೆ ಓದಲು ಶುರು ಮಾಡಿದವಳು. ಇಂಗ್ಲಿಷ್ ಮೀಡಿಯಂ. ಕನ್ನಡ ಅಂದರೆ ಪರೀಕ್ಷೆಗೆ ಓದಿದ ಪದ್ಯ ಅಷ್ಟೇ. 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡ್ ತನಕ ಮೆಟ್ರೋ ಪೂರ್ತಿ ಓಡಲು ಶುರುವಾಯಿತಲ್ಲ, ವಿಜಯನಗರದಲ್ಲಿ ಹತ್ತಿದರೆ ಒಂದು ಗಂಟೆ ಮೇಲೆ ನನ್ನದೇ. ಹಟಕ್ಕೆ ಬಿದ್ದು ಮಲೆಗಳಲ್ಲಿ ಮದುಮಗಳು ಕೈಗೆತ್ತಿಕೊಂಡೆ. 1967ರಲ್ಲಿ ಬಂದ ಪುಸ್ತಕ, ಎತ್ತಿಕೊಂಡು ನಿಂತರೆ ಮಣಿಕಟ್ಟು ನೋಯುತ್ತದೆ.

ಮೊದಲ ನೂರು ಪುಟ ನಾನು ಪೂರ್ತಿ ಕಳೆದುಹೋದೆ. ಯಾರು ಯಾರ ಮನೆಯವರು ಅಂತಲೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಕರೆಂಟ್ ಬಿಲ್ಲಿನ ಹಿಂದೆ ಒಂದು ಮ್ಯಾಪ್ ಬರೆದುಕೊಂಡೆ. ಹಳೆಮನೆ, ಬೆಟ್ಟಳ್ಳಿ, ಸಿಂಬಾವಿ, ಕೋಣೂರು, ಹೂವಳ್ಳಿ. ಒಂದೊಂದು ಮನೆಗೂ ಒಂದು ಚೌಕ, ಒಳಗೆ ಹೆಸರು. ಗುತ್ತಿ ಅನ್ನುವ ಪಾತ್ರಕ್ಕೆ ಮಾತ್ರ ಮನೆಯೇ ಹಾಕಲಿಲ್ಲ. ಅವನು ಊರೂರು ಅಲೆಯುತ್ತಾನೆ, ಹಿಂದೆ ಅವನ ನಾಯಿ ಹುಲಿಯ. ಅದಕ್ಕೆ ಒಂದು ಬಾಣದ ಗುರುತು ಎಳೆದೆ. ಆ ಬಾಣ ಬಿಲ್ಲಿನ ತುಂಬ ಓಡಾಡಿದೆ.

ನಾಲ್ಕು ತಿಂಗಳು ಹಿಡಿಯಿತು. ಹುಲಿಯ ತುಂಗೆಯಲ್ಲಿ ಕೊಚ್ಚಿಹೋಗುವ ಭಾಗ ಬಂದಾಗ ಟ್ರೈನು ಬೈಯಪ್ಪನಹಳ್ಳಿ ಹತ್ತಿರ ಇತ್ತು. ಎದುರಿಗಿದ್ದ ಒಬ್ಬ ಆಂಟಿ 'ಏನಮ್ಮಾ, ಮನೇಲಿ ಏನಾದ್ರೂ ಆಯ್ತಾ' ಅಂತ ಕೇಳಿದರು. ನಾಯಿ ಹೋಯ್ತು ಆಂಟಿ ಅಂದೆ. ಪಾಪ, ಯಾವ ಜಾತಿದು, ಎಷ್ಟು ವರ್ಷ ಆಗಿತ್ತು ಅಂತೆಲ್ಲ ಕೇಳಿ ಸಮಾಧಾನ ಮಾಡಿದರು. ನಿಜ ಹೇಳಲು ಬಾಯಿ ಬರಲಿಲ್ಲ.

ಯಲಹಂಕ ಲೋಕಲ್:

ನಾಯಿ ಹೋಯ್ತು ಆಂಟಿ! ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಹುಲಿಯನ ನೆನಪಾಗಿ ನಿಜವಾಗಿಯೂ ಬಂತು.

ಓತಿಕೇತ:

ನಾಯಿ ವಿಷಯ ಬಂದ ಮೇಲೆ ತೇಜಸ್ವಿ ಬರಲೇಬೇಕು. ನನ್ನ ಬಾಲ್ಯ ಪೂರ್ತಿ ಕರ್ವಾಲೊ. 1980ರ ಪುಸ್ತಕ, ನಾನು ಓದಿದ್ದು ಏಳನೇ ಕ್ಲಾಸಿನ ಬೇಸಿಗೆ ರಜದಲ್ಲಿ, ಸೋದರಮಾವನ ಕಪಾಟಿನಿಂದ. ಮೂಡಿಗೆರೆಯ ಜೇನು ಸೊಸೈಟಿಗೆ ಜೇನುತುಪ್ಪ ತರಲು ಹೋಗುವುದರಿಂದ ಶುರುವಾಗಿ ಹಾರುವ ಓತಿಗೆ ಬಂದು ಮುಟ್ಟುತ್ತದೆ. ಅಷ್ಟು ಸಲೀಸಾಗಿ ಹೇಗೆ ಕರೆದುಕೊಂಡು ಹೋದರು ಅಂತ ನನಗೆ ಇವತ್ತಿಗೂ ಆಶ್ಚರ್ಯ. ಮಂದಣ್ಣನಂಥವನು ನಮ್ಮ ಬೀದಿಯಲ್ಲೂ ಇದ್ದ, ಗಾಳಿಪಟ ಮರಕ್ಕೆ ಸಿಕ್ಕರೆ ಅವನನ್ನೇ ಕರೆಯಬೇಕು. ಮನೆಯವರೆಲ್ಲ ಅವನನ್ನು ದಡ್ಡ ಅನ್ನುತ್ತಿದ್ದರು.

ಆ ರಜ ಪೂರ್ತಿ ನಾನು ಬನಶಂಕರಿಯ ಮನೆಯ ಕಾಂಪೌಂಡ್ ಮೇಲೆ ಕೂರುತ್ತಿದ್ದ ಓತಿಕೇತವನ್ನು ಹಾರಿಸಲು ನೋಡಿದೆ. ಕೋಲಿನಲ್ಲಿ ಮೆಲ್ಲಗೆ ತಳ್ಳೋದು. ಅದು ತಲೆ ಆಡಿಸಿ, ನನ್ನನ್ನು ದುರುಗುಟ್ಟಿ ನೋಡಿ, ನಡೆದುಕೊಂಡು ಇಳಿದು ಹೋಗುತ್ತಿತ್ತು. ಬೆಂಗಳೂರಿನ ಓತಿ ಹಾರಲ್ಲ ಅಂತ ನೋಟ್ ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಟ್ಟಿದ್ದೆ. ಈಗ ಅಲ್ಲಿ ಓತಿಕೇತವೇ ಇಲ್ಲ, ಕಾಂಪೌಂಡಿಗೆ ಗ್ರಾನೈಟ್ ಹಾಕಿಸಿದ್ದಾರೆ.

ಅವರೇ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಅವರ ಕಾಡಿನ ಕಥೆಗಳನ್ನೂ ಬಿಡಬೇಡಿ. ಆ ಬೇಟೆಗಾರ ಬೆಂಗಳೂರಿನವನೇ, ತೀರಿಕೊಂಡದ್ದು 1974ರಲ್ಲಿ.

ಒಂಬತ್ತರ ಅಮ್ಮ:

ನನ್ನ ಮಗನಿಗೆ ಒಂಬತ್ತು. ಇಂಗ್ಲಿಷ್ ಪುಸ್ತಕ ಒಂದು ಕೂತಲ್ಲಿ ಮುಗಿಸುತ್ತಾನೆ. ಕನ್ನಡ ಕೊಟ್ಟರೆ ಎರಡು ಸಾಲಿಗೆ ಆಕಳಿಕೆ. ಒತ್ತಕ್ಷರ ಬಂದ ಕಡೆಯೆಲ್ಲ ಹಂಪ್ ಬಂದ ಕಾರಿನ ಹಾಗೆ ನಿಂತುಬಿಡುತ್ತಾನೆ. 'ರಾಷ್ಟ್ರ' ಅನ್ನುವ ಪದದ ಮುಂದೆ ಒಂದು ನಿಮಿಷ ನಿಂತಿದ್ದ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಅನುಪಮಾ ನಿರಂಜನ ಅವರ ದಿನಕ್ಕೊಂದು ಕಥೆ ಇತ್ತು, 12 ಸಂಪುಟ, ತಿಂಗಳಿಗೊಂದರಂತೆ. ದಿನಕ್ಕೆ ಒಂದೇ ಅಂತ ಅಪ್ಪ ಕಟ್ಟುನಿಟ್ಟು ಮಾಡಿದ್ದರು. ಹುಟ್ಟುಹಬ್ಬದ ದಿನ ಯಾವ ಕಥೆ ಬರುತ್ತದೆ ಅಂತ ಮುಂಚೆಯೇ ಕದ್ದು ನೋಡಿದ್ದೆ. ನೋಡಿದ್ದಕ್ಕೆ ಆ ದಿನ ಮಜವೇ ಇರಲಿಲ್ಲ. ಅದೇ ಸಂಪುಟಗಳನ್ನು ಮಗನಿಗೆ ಕೊಟ್ಟೆ, ಹಳೇ ವಾಸನೆ ಅಂದ.

ಈಗ ಬೇರೆ ದಾರಿ ಹಿಡಿದಿದ್ದೇನೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟು ನಮ್ಮ ಊರಿನದೇ, 2015ರಿಂದ ಇದೆ, ಪುಕ್ಕಟೆ. ಕನ್ನಡ ಕಥೆಗಳು ಹಂತ ಹಂತವಾಗಿ ಸಿಗುತ್ತವೆ. ಒಂದನೇ ಹಂತದ್ದು ಅವನ ತಂಗಿಗೆ ಓದಿ ಹೇಳುವ ಕೆಲಸ ಕೊಟ್ಟೆ. ಅವಳಿಗೆ ಐದು. ಅವನು ತಡವರಿಸಿದರೆ ಅವಳಿಗೆ ಗೊತ್ತಾಗಲ್ಲ, ಕಥೆ ಹಾಗೇ ಇರಬೇಕು ಅಂದುಕೊಳ್ಳುತ್ತಾಳೆ. ಹೋದ ವಾರ ಒಂದು ಪದ ಓದಲಾಗದೆ ಅವನೇ ಏನೋ ಸೇರಿಸಿದ. ಸುಮ್ನೆ ಇದ್ದೆ.

ಅವೆನ್ಯೂ ರೋಡ್ ಮಂದಿ:

ಸೆಕೆಂಡ್ ಹ್ಯಾಂಡ್ ಬಿಟ್ಟು ಬೇರೆ ಪುಸ್ತಕ ಕೊಂಡವನಲ್ಲ ನಾನು. ಎಂಜಿನಿಯರಿಂಗ್ ಪುಸ್ತಕಕ್ಕೆ ಅಂತ ಅವೆನ್ಯೂ ರೋಡಿಗೆ ಹೋದವನು ಎಂ.ಕೆ. ಇಂದಿರಾ ಅವರ ಫಣಿಯಮ್ಮ ತಗೊಂಡು ಬಂದಿದ್ದೆ. ಸೆಮಿಸ್ಟರ್ ಏನಾಯಿತು ಅಂತ ಕೇಳಬೇಡಿ.

ನನಗೆ ಇಷ್ಟ ಪುಸ್ತಕದ ಮೊದಲ ಬಿಳಿ ಹಾಳೆ. ಯಾರು ಯಾರಿಗೆ ಕೊಟ್ಟದ್ದು ಅಂತ ಬರೆದಿರುತ್ತದಲ್ಲ. ಒಂದು ಕಾಲಕ್ಕೆ ಮದುವೆಗೆ ಸ್ಟೀಲ್ ಡಬ್ಬಿ ಕೊಟ್ಟ ಹಾಗೆ ಪುಸ್ತಕವನ್ನೂ ಕೊಡುತ್ತಿದ್ದರು. ನನ್ನ ಹತ್ತಿರ ವಧುವಿಗೆ ಕಿವಿಮಾತು ಮೂರು ಪ್ರತಿ ಇದೆ, ಮೂರೂ ಮದುವೆ ಉಡುಗೊರೆ. ಎರಡು ಹೊಸದಾಗೇ ಇವೆ, ವಧು ಕಿವಿಗೆ ಹಾಕಿಕೊಂಡಂತಿಲ್ಲ. ಮೂರನೆಯದರ ತುಂಬ ಪೆನ್ಸಿಲ್ ಗೆರೆ. ಕೆಲವು ಕಡೆ ಪಕ್ಕದಲ್ಲಿ 'ಇವರಿಗೂ ಓದಿಸಬೇಕು' ಅಂತ ಬರೆದಿದ್ದಾರೆ.

ರಾತ್ರಿಪಾಳಿ:

ಅವೆನ್ಯೂ ಗುರುಗಳೇ, ಚರ್ಚ್ ಸ್ಟ್ರೀಟಿನ ಪ್ರೀಮಿಯರ್ ಪುಸ್ತಕದ ಅಂಗಡಿ ನೆನಪಿದೆಯಾ? 1971ರಿಂದ 2009ರವರೆಗೆ ಇತ್ತು. ಪುಸ್ತಕದ ಗುಡ್ಡಗಳ ನಡುವೆ ಅಡ್ಡಡ್ಡ ನಡೆಯಬೇಕು. ಓನರ್ ಶಾನಭಾಗರಿಗೆ ಮಾತ್ರ ಯಾವುದು ಎಲ್ಲಿದೆ ಗೊತ್ತು. ಈಗ ಆ ಬೀದಿಯಲ್ಲಿ ಪುಸ್ತಕದ ಅಂಗಡಿ ಜಾಸ್ತಿಯಾಗಿವೆ, ಕನ್ನಡದ ಕಪಾಟು ಹುಡುಕಬೇಕು ಅಷ್ಟೆ. ನಾನು ಕನ್ನಡಕ್ಕೆ ಗಾಂಧಿಬಜಾರಿನ ಅಂಕಿತಕ್ಕೇ ಹೋಗೋದು, ದೋಸೆಯೂ ಆಗುತ್ತದೆ.

ಚುಕ್ಕಿ:

ಎಲ್ಲ ಸರಿ, ಆದರೆ ಮೂಲ ವಿಷಯ ಎಲ್ಲರೂ ಮರೆತರು. ಹನುಮಂತನಗರದವರೇ, ಆ ಎರಡು ಹಾಳೆಯಲ್ಲಿ ಏನಿತ್ತು ಹೇಳಿ ಮೊದಲು. ನಿಮ್ಮಮ್ಮ ಕಂತು ಓದದೆ ಕಥೆ ಹೇಗೆ ಬರೆದರು?

ಹನುಮಂತನಗರದವನು:

ಚುಕ್ಕಿ ಮೇಡಂ, ನನಗೂ ಅದೇ ಪ್ರಶ್ನೆ. ಕಥೆ ಹೀಗಿದೆ. ನಾಯಕಿಗೆ ಗಂಡನ ಟ್ರಂಕಿನಲ್ಲಿ ಒಂದು ಕಾಗದ ಸಿಗುತ್ತದೆ. ಬೇರೆ ಹೆಂಗಸು ಬರೆದದ್ದು. 13ನೇ ಕಂತು ಅಲ್ಲಿಗೆ ನಿಲ್ಲುತ್ತದೆ. ಅಮ್ಮನ ಹಾಳೆಯಲ್ಲಿ ನಾಯಕಿ ಆ ಕಾಗದವನ್ನು ಎರಡು ಸಲ ಓದಿ, ಬಚ್ಚಲೊಲೆಗೆ ಹಾಕಿ, ಅದೇ ಬಿಸಿನೀರಿನಲ್ಲಿ ತಲೆಗೆ ಸ್ನಾನ ಮಾಡುತ್ತಾಳೆ. ಆಮೇಲೆ ಸೀರೆ ಉಟ್ಟು ಅಕ್ಕನ ಮನೆಗೆ ಹೊರಟುಬಿಡುತ್ತಾಳೆ. ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ.

ತೊಂದರೆ ಏನೆಂದರೆ 15ನೇ ಕಂತಿನಲ್ಲಿ ಆಕೆ ಮನೆಯಲ್ಲೇ ಇದ್ದಾಳೆ. ಕಾಗದವೂ ಇದೆ! ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ದೇವರ ಮುಂದೆ ಅಳುತ್ತಿದ್ದಾಳೆ.

ಅಮ್ಮನನ್ನೇ ಕೇಳಿ ನಾಳೆ ಹೇಳುತ್ತೇನೆ. ಅವಳಿಗೆ ಈಗ 76. ನೆನಪಿದೆಯೋ ಇಲ್ಲವೋ.

ಕಡಲೆಕಾಯಿ ಪೊಟ್ಟಣ:

ಕೇಳ್ರೀ ಬೇಗ. ಮೊದಲೂ ಕೊನೆಯೂ ಇಲ್ಲದ್ದು ಓದಿ ನನಗೆ ಸಾಕಾಗಿದೆ.

ಹನುಮಂತನಗರದವನು:

ಕೇಳಿದೆ. ನೆನಪಿದೆ, ಚೆನ್ನಾಗಿಯೇ ನೆನಪಿದೆ. ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಹಾಳೆ ತೋರಿಸಿದೆ. ಕನ್ನಡಕ ತರಲು ಹೇಳಿ, ಪೂರ್ತಿ ಓದಿ, 'ಇಂಕು ಒಳ್ಳೇದಿತ್ತು' ಅಂದಳು.

ಆ ವಾರದ ಪತ್ರಿಕೆ ಪಕ್ಕದ ಮನೆಯವರ ಸರದಿ. ಅವರ ಮನೆಗೆ ಬಂದಿದ್ದ ನೆಂಟರು ಊರಿಗೆ ಹೋಗುವಾಗ ಬಸ್ಸಿನಲ್ಲಿ ಓದಲು ತೆಗೆದುಕೊಂಡು ಹೋದರಂತೆ. ಇವಳು ಬಿಡುತ್ತಾಳಾ? ಬೆಳಗ್ಗೆ ಬೀದಿ ನಲ್ಲಿ ಹತ್ತಿರ ಬಿಂದಿಗೆ ಸಾಲಿನಲ್ಲಿ ನಿಂತಿದ್ದಾಗ ಆ ಆಂಟಿಯನ್ನು ಹಿಡಿದುಕೊಂಡು ಕಥೆ ಹೇಳು ಅಂದಳಂತೆ. 'ಟ್ರಂಕು ಮುಚ್ಚಿ, ಕಾಗದ ಹಿಡ್ಕೊಂಡು ಬಚ್ಚಲಿಗೆ ಬಂದ್ಲು ಅಂತ ಹೇಳಿದ್ಳು. ಅಷ್ಟರಲ್ಲಿ ನೀರು ಬಂತು ಕಣೋ. ಅವಳು ಬಿಂದಿಗೆ ಇಡೋಕೆ ಓಡಿದ್ಳು.'

ಮಿಕ್ಕಿದ್ದು ಅಂತ ಕೇಳಿದೆ.

'ಬಚ್ಚಲಿಗೆ ಬಂದ್ಮೇಲೆ ಇನ್ನೇನು ಮಾಡ್ತಾಳೆ? ಒಲೆ ಉರೀತಾ ಇರುತ್ತೆ, ಕೈಯಲ್ಲಿ ಕಾಗದ ಇದೆ. ಸುಟ್ಟಳು ಅಂತ ಬರೆದೆ.'

ಸರಿ, ಆದರೆ ಮುಂದಿನ ವಾರ ಕಾಗದ ಮತ್ತೆ ಬಂತಲ್ಲ, ಬೈಂಡ್ ಮಾಡಿಸುವ ಮೊದಲು ಇದನ್ನು ತಿದ್ದಬಾರದಿತ್ತಾ ಅಂದೆ.

ಅಮ್ಮ ಅವರೆಕಾಯಿ ಸಿಪ್ಪೆ ನನ್ನ ಕಡೆ ತಳ್ಳಿದಳು. 'ನಾನ್ಯಾಕೆ ತಿದ್ದಲಿ? ಬೇಕಾದ್ರೆ ಅವರು ತಿದ್ಕೊಳ್ಲಿ.'